ಎಳೆಮರಿಯ ಉಸಿರು

"ಬಾಗಿಲು ಹಾಕ್ರೀ! ಮೊದಲು ಬಾಗಿಲು ಹಾಕಿ!"

ಜಂದೀರಾ ಚೀರಿದ ರಭಸಕ್ಕೆ, ಒಳಗೆ ಕಾಲಿಟ್ಟವನ ಕೈಯಲ್ಲಿದ್ದ ಕಾಫಿ ಅವನ ಅಂಗಿಯ ಮೇಲೆಯೇ ಚೆಲ್ಲಿತು.

ಬೆಚ್ಚಗಿದ್ದ ಕೋಣೆಗೆ ಹೊರಗಿನ ಏಸಿಯ ತಣ್ಣನೆ ಗಾಳಿ ನುಗ್ಗಿತ್ತು. ಗಾಜಿನ ಡಬ್ಬಿಯೊಳಗೆ ಮೊನ್ನೆ ಮೊನ್ನೆ ಹುಟ್ಟಿದ ಇಲಿಮರಿ, ಕೂದಲೂ ಮೂಡದ ಗುಲಾಬಿ ಬಣ್ಣದ ಜೀವ, ಅಲುಗಾಡದೆ ಬಿದ್ದುಕೊಂಡಿತು. ಪರದೆಯ ಮೇಲೆ ಅದರ ಉಸಿರಿನೊಂದಿಗೆ ಏರಿಳಿಯುತ್ತಿದ್ದ ಗೆರೆ ನೆಟ್ಟಗಾಯಿತು...

"ಉಸಿರು ನಿಂತ್ಹೋಯ್ತಾ?" ಅವನು ಪಿಸುಗುಟ್ಟಿದ.

"ಶ್!"

ಒಂದು ಕ್ಷಣ... ಇನ್ನೊಂದು... ಗೆರೆ ಪುಟ್ಟದಾಗಿ ಮತ್ತೆ ಎದ್ದಿತು. ಅಬ್ಬಾ!

ತಿರುಗಿ ನೋಡಿದರೆ, ಅವನೂ ಅಷ್ಟು ಹೊತ್ತು ಉಸಿರು ಬಿಗಿಹಿಡಿದೇ ನಿಂತಿದ್ದ. ಬೈಯಬೇಕೆಂದಿದ್ದ ಜಂದೀರಾಗೆ ನಗು ಬಂತು. ಯಾಕೆ ಬಂತೋ, ಅವಳಿಗೇ ತಿಳಿಯಲಿಲ್ಲ.

ಅವನು ಎವಾರಿಸ್ತು. ದೂರದ ಕಡಲತೀರದ ರೆಸೀಫಿ ನಗರದ ಕಡೆಯವನು. ಸುತ್ತ ಕಬ್ಬಿನ ಗದ್ದೆಗಳೇ ಇರುವ ಆ ಬ್ರೆಜಿಲ್ ಊರಿನ ಪ್ರಯೋಗಾಲಯಕ್ಕೆ ಅಂದೇ ಸೇರಿದ್ದ.

ಮಿದುಳಿನ ಬುಡದಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಬಂದು ಕೂರುವ ಜಾಗಗಳಿಗೆ ಗ್ರಾಹಕಗಳೆನ್ನುತ್ತಾರೆ. ಅವುಗಳಲ್ಲಿ ಒಂದು ಬಗೆಯದನ್ನು ಔಷಧಿಯಿಂದ ಮುಚ್ಚಿದರೆ ಮರಿಯ ಉಸಿರು ನಿಧಾನವಾಗಿ, ನಡುನಡುವೆ ನಿಂತೂ ಹೋಗುತ್ತದೆಂದು ಜಂದೀರಾ ಕಂಡುಕೊಂಡಿದ್ದಳು. ಪ್ರೊಫೆಸರ್ ಝುಲ್ಮೀರಾ ಅದನ್ನು ಪ್ರಕಟಣೆಗೆ ಕಳಿಸುವುದರಲ್ಲಿದ್ದರು. ಅದೇ ಪ್ರಯೋಗವನ್ನು ಇನ್ನೊಮ್ಮೆ ಮಾಡಿ ನೋಡುವುದು ಎವಾರಿಸ್ತುವಿನ ಕೆಲಸ.

ದಿನವೂ ಮಧ್ಯಾಹ್ನದ ಅನ್ನ, ಬೀನ್ಸ್ ಕಾಳಿನ ಸಾರು ಇಬ್ಬರದೂ ಒಂದೇ ಮೇಜಿನ ಮೇಲಾಯಿತು.

"ನಿಮ್ಮ ರೆಸೀಫಿ ಮಾತು ರಾಗ ಹಾಡ್ದಂಗಿರುತ್ತೆ," ಎಂದು ಅವಳು ಕೆಣಕುವಳು.

"ಕೇಳೋರು ಇದ್ರೆ ಹಾಡೋದೇ!" ಎಂದು ಅವನು ನಗುವನು.

ಆದರೆ ಇದ್ದಕ್ಕಿದ್ದಂತೆ ಅವನು ದೂರ ಸರಿದ. ಊಟಕ್ಕೂ ಬರಲಿಲ್ಲ. ಕಣ್ಣು ತಪ್ಪಿಸಿದ.

ನಾನೇನು ಅಂದೆ? ಜಂದೀರಾ ತಲೆ ಕೆಡಿಸಿಕೊಂಡಳು.

ಒಂದು ಬೆಳಿಗ್ಗೆ ಪ್ರೊಫೆಸರ್ ಕೋಣೆಯೊಳಗಿಂದ ಅವನ ದನಿ ಅವಳಿಗೆ ಕೇಳಿಸಿತು.

"ಜಂದೀರಾ ಬರೆದಿದ್ದನ್ನ ಈಗ್ಲೇ ಕಳಿಸ್ಬೇಡಿ. ನನ್ನ ಮರಿಗಳ ಉಸಿರು ಸ್ವಲ್ಪಾನೂ ಕಮ್ಮಿ ಆಗ್ತಿಲ್ಲ."

ಹೊರಬಂದವನನ್ನು ಜಂದೀರಾ ಅಲ್ಲೇ ತಡೆದಳು.

"ನನ್ನ ಬೆನ್ನ ಹಿಂದೆ ಚಾಡಿ ಹೇಳ್ತೀರಾ?"

"ಅದು ಹಾಗಲ್ಲ... ನನಗೂ ಏನೂ ಅರ್ಥ ಆಗ್ತಿಲ್ಲ..."

"ಅರ್ಥ ಆಗ್ದಿದ್ರೆ ನನ್ನ ಕೇಳ್ಬೇಕಿತ್ತು!"

ಆಮೇಲೆ ಮಾತೇ ಇಲ್ಲ. ಜಂದೀರಾ ಪ್ರಯೋಗವನ್ನು ಮೊದಲಿಂದ ಮಾಡಿದಳು. ಅವಳ ಮರಿಗಳ ಉಸಿರು ಹಿಂದಿನಂತೆಯೇ ಇಳಿಯಿತು. ಹಾಗಿದ್ದರೆ ಅವನು ಸುಳ್ಳನೇ? ಆ ಮುಖ ಸುಳ್ಳು ಹೇಳುತ್ತದೆಯೇ? ಪ್ರಯೋಗ ಸುಳ್ಳಾದರೆ ಇನ್ನೊಂದು ಮಾಡಬಹುದು... ಅವನು ಸುಳ್ಳಾದರೆ ಯಾಕಿಷ್ಟು ನೋವು?

ತಡೆಯಲಾರದೆ ಅವನ ಕೋಣೆಗೇ ನಡೆದಳು. ಅಲ್ಲಿ ಡಬ್ಬಿಯೊಳಗಿದ್ದ ಮರಿಯನ್ನು ಕಂಡು ನಿಂತುಬಿಟ್ಟಳು. ಮೈತುಂಬ ಬಿಳಿ ಕೂದಲು, ಅರೆತೆರೆದ ಕಣ್ಣು!

"ಇದೇನ್ರೀ, ಇಷ್ಟು ಬೆಳೆದಿದೆ?"

"ಎಳೇ ಮರಿಗಳೆಲ್ಲ ನಿಮ್ಮ ಕೆಲಸಕ್ಕೇ ಸಾಲ್ತಿರ್ಲಿಲ್ಲ. ನಾನೂ ಕಿತ್ಕೊಂಡ್ರೆ ನಿಮಗೆ ತೊಂದ್ರೆ ಅಂತ ಇವನ್ನ ತಗೊಂಡೆ. ಒಂದೆರಡು ವಾರದಲ್ಲಿ ಏನು ಬದಲಾಗುತ್ತೆ ಅಂದ್ಕೊಂಡೆ..."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಎರಡು ಡಬ್ಬಿಗಳನ್ನು ಅಕ್ಕಪಕ್ಕ ಇಟ್ಟರು. ಒಂದರಲ್ಲಿ ಎಳೆಯದು, ಇನ್ನೊಂದರಲ್ಲಿ ಬೆಳೆದದ್ದು. ಔಷಧಿ ಒಂದೇ. ಎಳೆಯದರ ಉಸಿರು ತಡವರಿಸಿತು. ಬೆಳೆದದ್ದು ಆರಾಮಾಗಿ ಉಸಿರಾಡುತ್ತ ಮೂತಿ ಒರೆಸಿಕೊಂಡಿತು. ಮತ್ತೆ ಮತ್ತೆ ಮರಿಗಳನ್ನು ಬದಲಿಸಿ ನೋಡಿದರು. ಸಂಜೆಯವರೆಗೂ ಅದೇ!

"ಅಂದ್ರೆ ಹುಟ್ಟಿದ ಹೊಸತರಲ್ಲಿ ಮಾತ್ರ ಉಸಿರಿಗೆ ಆ ಗ್ರಾಹಕ ಬೇಕು..." ಎವಾರಿಸ್ತು ತೊದಲಿದ. "ಇಬ್ರೂ ಸರಿ ಇದ್ವಿ!"

ಜಂದೀರಾಳ ಕಣ್ಣು ತುಂಬಿ ಬಂತು.

"ಅಳ್ತಿದೀರಾ?"

"ನನಗೊಬ್ಬ ತಮ್ಮ ಇದ್ದ. ತೊಟ್ಟಿಲ ಕೂಸು. ಮಲಗಿದ್ದೋನು ಏಳ್ಲೇ ಇಲ್ಲ. ಸರಿಯಾಗಿ ಮಲಗಿಸ್ಲಿಲ್ಲ ಅಂತ ಅಮ್ಮ ಇವತ್ತಿಗೂ ತನ್ನನ್ನೇ ಬೈಕೋತಾಳೆ. ಇವು ಇಲಿಗಳು, ಗೊತ್ತು. ನನ್ನ ತಮ್ಮನಿಗೆ ಏನಾಯ್ತೋ ಯಾರಿಗೂ ಗೊತ್ತಿಲ್ಲ. ಆದ್ರೂ... ಎಳೇ ಉಸಿರು ಎಷ್ಟು ತೆಳುವಾದ ದಾರದಲ್ಲಿ ನೇತಾಡುತ್ತೆ ನೋಡಿ..."

ಅವನು ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ಪ್ರೊಫೆಸರ್ ಹತ್ರ ಹೋಗೋ ಮುಂಚೆ ನಿನ್ನ ಹತ್ರಾನೇ ಬರ್ಬೇಕಿತ್ತು, ಜಂದೀರಾ. ಹೇಳಿದ್ರೆ ಮಾತು ಬಿಟ್ಬಿಡ್ತೀಯ ಅಂತ ಹೆದರಿದೆ."

"ಹೇಳ್ದೇ ಇದ್ದಿದ್ದಕ್ಕೇ ಬಿಟ್ಟೆನಲ್ಲ, ಪೆದ್ದ!"

"ಇನ್ನೂ ಒಂದು ಹೇಳ್ದೇ ಉಳಿಸ್ಕೊಂಡಿದೀನಿ..."

"ಏನು?"

"ನೀನಂದ್ರೆ ಪ್ರಾಣ ನಂಗೆ."

ಎಷ್ಟೋ ದಿನಗಳ ಗೋಜಲಿನಲ್ಲಿ ಇದೊಂದು ಮಾತು ಮಾತ್ರ ಅವಳಿಗೆ ಸಲೀಸಾಗಿ ಅರ್ಥವಾಯಿತು.

"ನನಗೂ," ಎಂದಳು ಮೆಲ್ಲಗೆ. "ಭಾನುವಾರ ಮನೆಗೆ ಬಾ. ಅಮ್ಮನಿಗೆ ನೀನೇ ಹೇಳು."

"ಇಲಿಮರಿ ವಿಷಯಾನಾ? ನಮ್ಮ ವಿಷಯಾನಾ?"

"ಮೊದಲು ಅವಳು ಬಡಿಸಿದ್ದನ್ನ ಹೊಟ್ಟೆತುಂಬ ತಿನ್ನು. ಆಮೇಲೆ ಎರಡನ್ನೂ ಹೇಳು... ನಾನು ಪಕ್ಕದಲ್ಲೇ ಇರ್ತೀನಿ."