ಜಗಲಿ ಕಲ್ಲಿನ ಹಳದಿ ಬಾಣ

"ಸರೀರಿ! ಬ್ರೇಕ್ ಹಿಡೀತಿಲ್ಲ... ಪಕ್ಕಕ್ಕೆ ಸರೀರೀ...!"

ಸುಧಾಮಣಿ ಗಂಟಲು ಹರಿಯುವಂತೆ ಕೂಗಿದಳು. ತೆರಕಣಾಂಬಿ ದಾಟಿ ಬೆಟ್ಟದ ಕಡೆಗೆ ಹೊರಳುವ ಸಣ್ಣ ರಸ್ತೆಯ ಇಳಿಜಾರು ಅದು. ದಿನವೂ ಅವಳು, ಅವಳ ಸೈಕಲ್ಲು, ನಾಲ್ಕು ಮೇಕೆಗಳು ಬಿಟ್ಟರೆ ಅಲ್ಲಿ ಯಾರೂ ಇರುತ್ತಿರಲಿಲ್ಲ. ಇವತ್ತು ನೋಡಿದರೆ ನಟ್ಟನಡುವೆ ಒಬ್ಬ ಗಂಡಸು ರಸ್ತೆಗೆ ಹೊಟ್ಟೆ ಹಚ್ಚಿ ಮಲಗಿಕೊಂಡು ಫೋಟೋ ತೆಗೆಯುತ್ತಿದ್ದಾನೆ!

ಅವನು ತಲೆ ಎತ್ತುವಷ್ಟರಲ್ಲಿ ಇವಳು ಹ್ಯಾಂಡಲ್ ತಿರುಗಿಸಿಯಾಗಿತ್ತು. ಸೈಕಲ್ಲು, ಟಪಾಲು ಚೀಲ, ಸುಧಾಮಣಿ... ಎಲ್ಲ ಒಟ್ಟಿಗೆ ಚೆಂಡುಹೂವಿನ ಹೊಲಕ್ಕೆ!

"ಅಯ್ಯೋ ದೇವರೇ! ಪೆಟ್ಟಾಯ್ತೇನ್ರೀ?" ಅವನು ಓಡಿ ಬಂದ.

"ರಸ್ತೇಲಿ ಮಲಗೋಕೆ ಇದೇನು ನಿಮ್ ಮಾವನ ಮನೆ ಅಂದ್ಕೊಂಡ್ರಾ?"

"ಇಲ್ಲಾ ರೀ... ನಂಗಿನ್ನೂ ಮದುವೆ ಆಗಿಲ್ಲ."

ಅವಳಿಗೆ ನಗು ಬಂತು. ಆದರೆ ಮೊಣಕೈ ತರಚಿಕೊಂಡು, ತಲೆತುಂಬ ಹಳದಿ ಎಸಳು ಮೆತ್ತಿಕೊಂಡು ಕೂತ ಹೆಣ್ಣುಮಗಳು ಅಷ್ಟು ಸುಲಭಕ್ಕೆ ನಕ್ಕುಬಿಡಬಾರದು ನೋಡಿ. ತುಟಿ ಬಿಗಿಹಿಡಿದಳು.

ಅವನು ಚೆಲ್ಲಿದ್ದ ಕಾಗದಗಳನ್ನು ಒಂದೊಂದಾಗಿ ಎತ್ತಿ, ತನ್ನ ಬಿಳಿ ಅಂಗಿಯ ತುದಿಯಿಂದಲೇ ಮಣ್ಣು ಒರೆಸಿ, ವಿಳಾಸ ಮೇಲೆ ಬರುವಂತೆ ಜೋಡಿಸಿ ಕೊಟ್ಟ. ಆಮೇಲೆ ಅವಳ ಸೈಕಲ್ ಮಗುಚಿ ಹಾಕಿ, ಸವೆದುಹೋದ ಬ್ರೇಕ್ ರಬ್ಬರ್ ಕಿತ್ತು, ತನ್ನ ಚೀಲದಿಂದ ಹೊಸದು ತೆಗೆದು ಕೂರಿಸಿದ. ಹತ್ತು ನಿಮಿಷದ ಕೆಲಸ. ಅಷ್ಟು ಹೊತ್ತೂ ಅವಳು ಅವನ ಕೈಗಳನ್ನೇ ನೋಡುತ್ತಿದ್ದಳು.

"ಹೆಸರು?"

"ಮೃತ್ಯುಂಜಯ."

"ಆ ಹೆಸರಿಟ್ಟಿದ್ದಾರೆ ಅಂತ ನಡುರಸ್ತೇಲಿ ಮಲಗೋದಾ?"

ಈ ಸಲ ಇಬ್ಬರೂ ನಕ್ಕರು.

ಸುಧಾಮಣಿ ಆರು ವರ್ಷದಿಂದ ಏಳು ಹಳ್ಳಿಗೆ ಟಪಾಲು ಹಂಚುವವಳು. ಪಿಂಚಣಿ ಹಣ, ಬ್ಯಾಂಕಿನ ನೋಟೀಸು, ಮದುವೆ ಕರೆಯೋಲೆ, ಎಲ್ಲವೂ ಅವಳ ಕೈಯಿಂದಲೇ. ಅವಳ ಗಂಟೆ ಕೇಳಿದರೆ ಬಾಗಿಲು ತಾನಾಗಿ ತೆರೆಯುತ್ತಿತ್ತು. ಅವಳಿಗೆ ಆ ನಂಬಿಕೆಗಿಂತ ದೊಡ್ಡ ಆಸ್ತಿ ಇರಲಿಲ್ಲ.

ಮೃತ್ಯುಂಜಯ ಚಾಮರಾಜನಗರದ ಸೈಕಲ್ ಶಾಪಿನವರ ಮಗ. ಇಟಲಿಯ ದಕ್ಷಿಣದ ಬೆಟ್ಟಗಳಲ್ಲಿ ಸೈಕಲ್ ಪ್ರವಾಸ ನಡೆಸುವ ಪುಟ್ಟ ಕಂಪನಿಯೊಂದರಲ್ಲಿ ನಾಲ್ಕು ವರ್ಷ ಮೆಕ್ಯಾನಿಕ್ ಆಗಿದ್ದವನು. ಈಗ ತೆರಕಣಾಂಬಿಯಲ್ಲಿ ಬಾಡಿಗೆ ರೂಮು ಹಿಡಿದು, ಇಲ್ಲೂ ಅಂಥದ್ದೊಂದು ದಾರಿ ಮಾಡಬೇಕು ಎಂದು ಹಟ ಹಿಡಿದು ಕೂತಿದ್ದ.

ಮರುದಿನದಿಂದ ಅವಳ ಸೈಕಲ್ಲಿನ ಹಿಂದೆ ಇನ್ನೊಂದು ಸೈಕಲ್ಲು.

"ಇಟಲೀಲಿ ಬೆಟ್ಟದ ಹಳ್ಳಿ ದಾರಿ ಹಿಡಿದ್ರೆ ಅರ್ಧ ದಿನ ಒಂದು ಕಾರೂ ಸಿಗಲ್ಲ. ಸಿಕ್ರೂ ಹಾರನ್ ಹೊಡಿಯಲ್ಲ. ತಿರುವು ಮುಗಿಯೋ ತನಕ ನಮ್ಮ ಹಿಂದೇನೇ ಕಾಯ್ತಾರೆ!"

"ಸುಳ್ಳು!"

"ನಮ್ಮಪ್ಪನಾಣೆ! ಪ್ರತಿ ಊರಿನ ನಡುವೆ ಒಂದು ಕಲ್ಲಿನ ತೊಟ್ಟಿ. ತಣ್ಣೀರು ಬೀಳ್ತಾನೇ ಇರುತ್ತೆ. ಬಾಟಲಿ ತುಂಬ್ಕೊಂಡು ಮತ್ತೆ ಹತ್ತೋದು. ಅಜ್ಜೀರು ಬಾಗಿಲ ಮುಂದೆ ಕುರ್ಚಿ ಹಾಕ್ಕೊಂಡು ಕಾಳು ಬಿಡಿಸ್ತಿರ್ತಾರೆ. ಏದುಸಿರು ಬಿಡೋ ನಮ್ಮನ್ನ ನೋಡಿ, ಇನ್ನೊಂದೇ ತಿರುವು ಮಗಾ ಅಂತಾರೆ. ನೋಡಿದ್ರೆ ಇನ್ನೂ ಎಂಟು ತಿರುವು ಇರ್ತವೆ!"

"ಅಷ್ಟು ಚೆಂದದ ಊರು ಬಿಟ್ಟು ಇಲ್ಲಿಗ್ಯಾಕೆ ಬಂದ್ರಿ?"

ಅವನು ಪೆಡಲ್ ನಿಲ್ಲಿಸಿದ. ಎದುರಿಗೆ ಚೆಂಡುಹೂವಿನ ಹೊಲಗಳು, ಅದರಾಚೆ ಅರಿಸಿನದ ಹಸಿರು, ದೂರಕ್ಕೆ ಮೋಡ ಹೊದ್ದುಕೊಂಡ ಗೋಪಾಲಸ್ವಾಮಿ ಬೆಟ್ಟ.

"ಅಲ್ಲಿ ಹತ್ತುವಾಗೆಲ್ಲ ಈ ರಸ್ತೆ ನೆನಪಾಗ್ತಿತ್ತು ಕಣ್ರೀ. ಇದೇನು ಕಮ್ಮಿನಾ? ಕಾರಿನೋರೆಲ್ಲ ರಾತ್ರಿ ಬಂಡೀಪುರದ ಕಾಡಿನ ಗೇಟ್ ಮುಚ್ಚೋದ್ರೊಳಗೆ ದಾಟ್ಬೇಕು ಅಂತ ಹೈವೇಲಿ ಓಡ್ತಿರ್ತಾರೆ. ಈ ಕಡೆ ತಿರುಗಿ ನೋಡೋರೇ ಇಲ್ಲ. ನಿಧಾನಕ್ಕೆ ಹೋಗೋರಿಗೆ ಇದಕ್ಕಿಂತ ಒಳ್ಳೇ ದಾರಿ ಎಲ್ಲಿದೆ ಹೇಳಿ?"

ಸುಧಾಮಣಿ ಆ ರಸ್ತೆಯನ್ನು ಹೊಸದಾಗಿ ನೋಡಿದಳು. ಆರು ವರ್ಷ ಅವಳಿಗೆ ಅದು ಬರೀ ಕಾಲುನೋವಾಗಿತ್ತು. ಎಷ್ಟು ಚೆಂದ ಇದೆಯಲ್ಲಾ ನಮ್ಮೂರು...! ಹಾಗೆಂದುಕೊಳ್ಳುತ್ತ ಅವಳು ನೋಡುತ್ತಿದ್ದದ್ದು ಊರನ್ನೋ ಅವನನ್ನೋ, ಅದು ಅವಳಿಗೇ ಗೊತ್ತು.

ಎರಡು ತಿಂಗಳು ಹೀಗೇ ಕಳೆಯಿತು. ಒಳದಾರಿಗಳನ್ನೆಲ್ಲ ಅವಳೇ ತೋರಿಸಿದಳು. ಮನೆಮನೆಗೂ ಪರಿಚಯ ಮಾಡಿಸಿದಳು.

ಆ ಗುರುವಾರ ಬೆಳಗ್ಗೆ ಮೊದಲ ಹಳ್ಳಿಗೆ ಕಾಲಿಟ್ಟಾಗ, ಗಂಟೆ ಹೊಡೆದರೂ ಯಾವ ಬಾಗಿಲೂ ತೆರೆಯಲಿಲ್ಲ. ಟೀ ಅಂಗಡಿಯ ಚಿಕ್ಕಬಸವಯ್ಯ ಮಾತ್ರ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

"ಏನಮ್ಮಿ ಇದು? ನಮ್ ಗ್ವಾಡೆಗೆ ಗುರ್ತು ಬಿದ್ದದೆ!"

ಅವನ ಗೋಡೆಯ ಮೂಲೆಯಲ್ಲಿ ಹಳದಿ ಪೇಂಟಿನ ಬಾಣ! ಮುಂದಿನ ಕಲ್ಲಿನ ಮೇಲೆ ಇನ್ನೊಂದು. ಅದರಾಚೆ ಮತ್ತೊಂದು.

"ರೋಡ್ ಅಗಲ ಮಾಡ್ತಾರಂತೆ. ಆ ಫೋಟೋ ಒಡೀತಿದ್ನಲ್ಲ, ಅವ್ನು ಸರ್ವೆಯೋನೇ ಕಣಮ್ಮಿ. ಮನೆಮನೆ ತೋರ್ಸ್ಕಂಡು ಬಂದೋಳು ನೀನೇ ಅಲ್ವಾ?"

ಪಕ್ಕದ ಹೋಬಳಿಯಲ್ಲಿ ಹೀಗೇ ಒಂದು ಬೆಳಗ್ಗೆ ಗೋಡೆಗಳ ಮೇಲೆ ಹಳದಿ ಗುರುತು ಬಂದಿತ್ತು. ಆರು ತಿಂಗಳಿಗೆ ಜೆಸಿಬಿ ಬಂತು, ಜಗಲಿಗಳು ಹೋದವು. ಅಂದಿನಿಂದ ಈ ಸೀಮೆಯಲ್ಲಿ ಹಳದಿ ಪೇಂಟು ಕಂಡರೆ ಜನ ಬೆಚ್ಚಿಬೀಳುತ್ತಾರೆ.

ಸುಧಾಮಣಿ ಸೈಕಲ್ ತಿರುಗಿಸಿ ಮನೆಗೆ ಓಡಿದಳು. ಅಲ್ಲೂ ಜಗಲಿಯ ಮೂಲೆಗಲ್ಲಿನ ಮೇಲೆ, ಬೆಳಗ್ಗೆ ಹೊರಡುವ ಅವಸರದಲ್ಲಿ ಅವಳ ಕಣ್ಣಿಗೆ ಬೀಳದಿದ್ದ ಅದೇ ಬಾಣ. ಪಕ್ಕದಲ್ಲಿ ಅಜ್ಜಿ ಮಲ್ಲಾಜಮ್ಮ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು.

"ನನ್ ಜಗಲಿ ಓಯ್ತದಾ ಸುಧಾ?"

ಅಪ್ಪ ಶಾಂತಮಲ್ಲಪ್ಪ ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ನಮ್ ಮನೆ ಮಗ್ಳೇ ದಾರಿ ತೋರ್ಸ್ಬುಟ್ಲು" ಎಂದಷ್ಟೇ ಹೇಳಿ ಹೊಲಕ್ಕೆ ಹೋದರು.

ಅವಳು ತೆರಕಣಾಂಬಿಯ ರೂಮಿನ ಬಾಗಿಲಿಗೆ ಬಂದು ನಿಂತಾಗ ಮೃತ್ಯುಂಜಯನ ಮುಖ ಅರಳಿತು. ಬೆರಳ ತುಂಬ ಹಳದಿ ಬಣ್ಣ.

"ನೋಡಿದ್ರಾ? ನಿಮಗೆ ಹೇಳ್ದೇ ಖುಷಿಪಡಿಸ್ಬೇಕು ಅಂತ ಬೆಳಕು ಹರಿಯೋ ಹೊತ್ತಿಗೇ ಎದ್ದು ಹಚ್ಚಿದೆ! ಇಟಲೀಲೂ ಹೀಗೇ, ಬಾಣ ನೋಡ್ಕೊಂಡು ಹೋದ್ರೆ ದಾರಿ ತಪ್ಪಲ್ಲ. ಭಾನುವಾರ ಎಂಟು ಜನ ಸೈಕಲ್ನೋರು ಬರ್ತಿದ್ದಾರೆ..."

"ಊರೆಲ್ಲ ಮನೆ ಬೀಳುತ್ತೆ ಅಂತ ಅಳ್ತಿದೆ!"

ಅವಳು ಎಲ್ಲ ಹೇಳಿದಳು. ಅವನ ಮುಖ ಬಿಳಿಚಿತು.

"ಅಯ್ಯೋ... ನನಗೆ ಹೊಳೀಲೇ ಇಲ್ಲ ಸುಧಾ ಅವರೇ..."

"ಒಂದು ಕೇಳ್ತೀನಿ. ಅಲ್ಲಿ, ಆ ಬೆಟ್ಟದ ಊರಲ್ಲಿ, ಗೋಡೆಗೆ ಬಾಣ ಹಚ್ಚೋ ಮುಂಚೆ ಮನೆಯೋರನ್ನ ಕೇಳ್ತಾರಾ?"

ಅವನು ತಲೆ ತಗ್ಗಿಸಿದ. "ಕೇಳ್ತಾರೆ."

"ಇಲ್ಲಿ ಯಾಕೆ ಕೇಳ್ಲಿಲ್ಲ?"

ಅವನು ಹಳದಿ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ.

"ಆ ಊರು ನಿಮಗೆ ಊರು. ನಮ್ಮೂರು ಬರೀ ಫೋಟೋ, ಅಲ್ವಾ? ಇನ್ಮೇಲೆ ನನ್ನ ಹಿಂದೆ ಬರ್ಬೇಡಿ!"

ದಾರಿಯುದ್ದಕ್ಕೂ ಅವಳ ಕಣ್ಣು ಮಂಜಾಗುತ್ತಲೇ ಇತ್ತು. ಸಿಟ್ಟು ಅವನ ಮೇಲೋ, ಇಷ್ಟೆಲ್ಲ ಆದಮೇಲೂ ಅವನ ಬಿಳಿಚಿದ ಮುಖವನ್ನೇ ನೆನೆಯುತ್ತಿದ್ದ ತನ್ನ ಮನಸ್ಸಿನ ಮೇಲೋ...

ಮರುದಿನ ಅಂಚೆ ಕಚೇರಿಯಲ್ಲಿ ಟಪಾಲು ವಿಂಗಡಿಸುವಾಗ ಅವಳ ಕೈ ನಿಂತಿತು. ಇಟಲಿಯ ಸ್ಟಾಂಪು. ಮೃತ್ಯುಂಜಯನ ಹೆಸರು. ಸಹಿ ಪಡೆದು ಕೊಡಬೇಕಾದ ಲಕೋಟೆ.

ಅದರಲ್ಲೇನಿದೆ ಎಂದು ಅವಳಿಗೆ ಗೊತ್ತಿತ್ತು. ಮುಂದಿನ ವರ್ಷಕ್ಕೆ ಕಂಪನಿಯವರು ಮತ್ತೆ ಕರೆದಿದ್ದಾರೆ, ಕಾಗದಕ್ಕೆ ಸಹಿ ಹಾಕಿದರೆ ಹೊರಡಬೇಕಾಗುತ್ತದೆ ಎಂದು ಅವನೇ ಒಮ್ಮೆ ಹೇಳಿದ್ದ. ಈಗ ಇನ್ನೇಕೆ ನಿಲ್ಲುತ್ತಾನೆ? ಹಿಂದೆ ಬರಬೇಡಿ ಎಂದವಳು ತಾನೇ ಅಲ್ಲವೇ?

ಎರಡು ದಿನ ಚೀಲದಲ್ಲೇ ಉಳಿದರೆ...? ಛೇ! ಆರು ವರ್ಷದಲ್ಲಿ ಒಂದು ಕಾಗದವನ್ನೂ ತಡೆದವಳಲ್ಲ ಅವಳು. ನೇರ ಅವನ ರೂಮಿಗೆ ಹೋದಳು. ಬೀಗ ಹಾಕಿತ್ತು. ಹೊರಟೇಹೋದನೇ?

ಭಾರವಾದ ಕಾಲಲ್ಲಿ ಪೆಡಲ್ ತುಳಿಯುತ್ತ ಮೊದಲ ಹಳ್ಳಿಗೆ ಬಂದರೆ, ಚಿಕ್ಕಬಸವಯ್ಯನ ಗೋಡೆಯಲ್ಲಿ ಬಾಣವಿಲ್ಲ! ಆ ಜಾಗದಲ್ಲಿ ಹಸಿ ಸುಣ್ಣ.

"ಆ ಉಡ್ಗ ನೆನ್ನೆ ಬಂದಿದ್ದ ಕಣಮ್ಮಿ" ಎಂದ ಚಿಕ್ಕಬಸವಯ್ಯ, ತಾನಾಗಿಯೇ ಟೀ ಲೋಟ ಮುಂದೆ ಚಾಚುತ್ತ. "ಕೇಳ್ದೆ ಅಚ್ಬುಟ್ಟೆ, ತಪ್ಪಾಯ್ತು ಅಂತ ಕೈ ಮುಗ್ದ. ತಾನೇ ಉಜ್ಜಿ, ಸುಣ್ಣ ಬಳ್ದ. ಆಮೇಲೆ, ಸೈಕಲ್ನೋರು ಈ ದಾರೀಲಿ ಓಗ್ಬೋದಾ ಅಂತ ಕೇಳ್ದ. ಓಗ್ಲಿ ಬುಡು, ರೋಡೇನ್ ನಮ್ಮಪ್ಪುಂದಾ ಅಂದೆ."

ಮುಂದಿನ ಹಳ್ಳಿಯಲ್ಲೂ ಅದೇ ಮಾತು. ಮೂರನೆಯದರಲ್ಲೂ ಅದೇ. ಆದರೆ ಪಿಂಚಣಿಯ ಚಿಕ್ಕಮಲ್ಲಮ್ಮನ ಮನೆಯ ಗೋಡೆಯಲ್ಲಿ ಬಾಣ ಅಳಿಸಿರಲಿಲ್ಲ. ಮೊದಲಿಗಿಂತ ಮೂರು ಪಟ್ಟು ದೊಡ್ಡದಾಗಿತ್ತು!

"ಇದೇನಜ್ಜಿ?"

"ಅಳ್ಸೋಕೆ ಬಂದ. ನಾನ್ ಬುಡ್ನಿಲ್ಲ! ದೊಡ್ದಾಗಿ ಬರಿ ಅಂದೆ. ಈ ಮಂಡಿ ಇಟ್ಕಂಡು ನಾನೆಲ್ಲೂ ಓಗಕಾಗಲ್ಲ, ಜನ್ವಾದ್ರೂ ಈ ಕಡೀಕ್ ಬರ್ಲಿ. ಮಡ್ಕೇಲಿ ತಣ್ಣೀರದೆ, ಕೊಡ್ತೀನಿ." ಮುದುಕಿ ಅವಳ ಗಲ್ಲ ಹಿಡಿದಳು. "ಪೋಸ್ಟ್ ಸುಧಾದು ಏನೂ ತಪ್ಪಿಲ್ಲ, ಅವ್ರಿಗೆ ಗೊತ್ತೇ ಇರ್ನಿಲ್ಲ ಅಂತ ಎಲ್ರ ಮನೇಲೂ ಸಾರ್ಕಂಡು ಓದ ಕಣವ್ವ. ಒಳ್ಳೆ ಉಡ್ಗ."

ಸುಧಾಮಣಿ ಸೈಕಲ್ಲಿಗೆ ಒರಗಿ ಆ ದೊಡ್ಡ ಬಾಣವನ್ನೇ ನೋಡಿದಳು. ತನ್ನ ಮೇಲೆ ಬಿದ್ದ ಮಾತನ್ನು ಅವನು ಮನೆಮನೆಗೆ ಹೋಗಿ ಒರೆಸಿದ್ದ. ಅಂದು ಹೊಲದಲ್ಲಿ ಕಾಗದಗಳ ಮಣ್ಣು ಒರೆಸಿದ ಹಾಗೆಯೇ. ನಾನೇನಂದುಬಿಟ್ಟೆ ಅವನಿಗೆ...!

ಸಂಜೆ ಮನೆ ತಿರುವಿಗೆ ಬಂದಾಗ ಜಗಲಿಯ ಮುಂದೆ ಅವನ ಸೈಕಲ್ಲು ನಿಂತಿತ್ತು. ಅವನು ಪೇಂಟಿನ ಡಬ್ಬಿ, ಬ್ರಷ್, ಬಣ್ಣ ಅಳಿಸುವ ಥಿನ್ನರ್ ಬಟ್ಟೆ ಹಿಡಿದು ನಿಂತಿದ್ದ. ಎದುರಿಗೆ ಅಪ್ಪ.

"ತಪ್ಪು ಮಾಡ್ಬುಟ್ಟೆ ನೀನು, ಬಂದು ಒಪ್ಕಂಡೆ. ಸರಿ ಬುಡು" ಎಂದರು ಶಾಂತಮಲ್ಲಪ್ಪ. "ಆದ್ರೆ ಊರಲ್ಲಿ ಮಾತು ಕೇಳ್ದೋಳು ಅವ್ಳು. ಈ ಗುರ್ತು ಅಳಿಸ್ಬೇಕೋ ಬ್ಯಾಡ್ವೋ, ಅವ್ಳನ್ನೇ ಕೇಳು." ಅಷ್ಟು ಹೇಳಿ ಒಳಗೆ ಹೋದರು. ಮಲ್ಲಾಜಮ್ಮ ಮಾತ್ರ ಕದಲಲಿಲ್ಲ. ಮುಖ ಆ ಕಡೆ ತಿರುಗಿಸಿದಳು, ಕಿವಿ ಈ ಕಡೆಗೇ ಇತ್ತು.

ಸುಧಾಮಣಿ ಚೀಲದಿಂದ ಲಕೋಟೆ ತೆಗೆದಳು.

"ಮೊದಲು ಇದಕ್ಕೆ ಸಹಿ ಹಾಕಿ."

ಅವನು ಸಹಿ ಹಾಕಿದ. ಲಕೋಟೆ ಒಡೆಯಲಿಲ್ಲ.

"ನೋಡಲ್ವಾ?"

"ಗೊತ್ತು. ಬರಲ್ಲ ಅಂತ ನೆನ್ನೆನೇ ಫೋನ್ ಮಾಡಿ ಹೇಳ್ಬಿಟ್ಟೆ. ಭಾನುವಾರದೋರಿಗೂ, ನಮ್ಮೂರನ್ನ ಕೇಳಿ ಆಮೇಲೆ ಕರೀತೀನಿ ಅಂದೆ." ಅವನು ಅವಳ ಕಣ್ಣನ್ನೇ ನೋಡಿದ. "ನೀವು ಕೇಳಿದ್ರಲ್ಲ, ಇಲ್ಲಿ ಯಾಕೆ ಕೇಳ್ಲಿಲ್ಲ ಅಂತ... ಅದು ಪರದೇಶ, ಹೆದರ್ಕೊಂಡು ಕೇಳ್ತಿದ್ದೆ. ಇದು ನಮ್ದೇ ಅಂತ ಸಲುಗೆ ತಗೊಂಡ್ಬಿಟ್ಟೆ. ತಪ್ಪಾಯ್ತು ಸುಧಾ."

ಅವಳ ಕಣ್ಣು ತುಂಬಿತು.

"ಇನ್ನೊಂದು ವಿಷಯ. ಮೂವತ್ತೊಂದು ಬಾಣ ಹಚ್ಚಿದ್ದೆ. ಯಾವ ಊರಿಂದ ಹೊರಟ್ರೂ ಕೊನೆಗೆ ಬಂದು ನಿಲ್ಲೋದು ಈ ಕಲ್ಲಿಗೇ. ಹಚ್ಚುವಾಗ ಗೊತ್ತಾಗ್ಲಿಲ್ಲ, ಅಳಿಸ್ತಾ ಬಂದಾಗ ಗೊತ್ತಾಯ್ತು. ನಾನು ದಾರಿ ಮಾಡಿದ್ದು ನಿನ್ನ ಮನೆಗೆ." ಅವನ ದನಿ ಒಡೆಯಿತು. "ನೀನಂದ್ರೆ ನನಗೆ ಪ್ರಾಣ. ಇದನ್ನಾದ್ರೂ ಕೇಳೇ ಮಾಡ್ತೀನಿ... ಈ ಬಾಣ ಅಳಿಸ್ಲಾ, ಬಿಡ್ಲಾ?"

ಅವಳು ಅವನ ಕೈಯಿಂದ ಥಿನ್ನರ್ ಬಟ್ಟೆ ಕಿತ್ತುಕೊಂಡು, ಕಲ್ಲಿನ ಮುಂದೆ ಕೂತು, ಬಾಣವನ್ನು ತಿಕ್ಕಿ ತಿಕ್ಕಿ ಅಳಿಸಿಬಿಟ್ಟಳು!

ಅವನ ಮುಖ ಸೋತುಹೋಯಿತು. ಸೈಕಲ್ಲಿನ ಕಡೆ ತಿರುಗಿದ.

"ನಿಲ್ಲಿ. ಕೆಲಸ ಮುಗಿದಿಲ್ಲ."

ಅವಳು ಬ್ರಷ್ ಅದ್ದಿ ಅದೇ ಕಲ್ಲಿನ ಮೇಲೆ ಹೊಸ ಬಾಣ ಬರೆದಳು. ಮೊದಲಿನದು ರಸ್ತೆಯ ಕಡೆ ಮುಖ ಮಾಡಿತ್ತು. ಇದು ಬಾಗಿಲ ಕಡೆ.

"ಅದು ಹೋಗೋರ ಬಾಣ" ಎಂದಳು, ತಲೆ ಎತ್ತದೆ. "ನನಗೆ ನೀವು ಹೋಗೋದು ಬೇಡ. ನನಗೂ ನೀವಂದ್ರೆ ಪ್ರಾಣ ಕಣ್ರೀ... ಅಂದು ಹೊಲಕ್ಕೆ ಬಿದ್ದಾಗಿಂದ."

ಮಲ್ಲಾಜಮ್ಮ ಕೆಮ್ಮಿದಳು. "ಬಾಣ ಒಳೀಕೆ ತೋರ್ಸ್ತಾ ಅದೆ, ಇನ್ನೂ ಈಚೆ ನಿಂತಿದ್ದೀಯಲ್ಲಪ್ಪ! ಕಾಫಿ ಆರೋಯ್ತದೆ."

ಅವನು ಚಪ್ಪಲಿ ಬಿಟ್ಟು ಜಗಲಿಯ ಕೆಳಗೇ ನಿಂತ. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಒಳಗೆ ಬರ್ಲಾ ಸುಧಾ?"

ಅವಳು ಹಳದಿ ಮೆತ್ತಿದ ಕೈಯನ್ನು ಅವನತ್ತ ಚಾಚಿದಳು.

"ಕೇಳಿದ್ರಲ್ಲಾ... ಬನ್ನಿ. ನಿಮ್ ಮಾವನ ಮನೆ ರಸ್ತೇಲಲ್ಲ, ಇಲ್ಲಿದೆ."