ಮೊದಲೇ ಬರುವ ಪ್ರತಿಧ್ವನಿ

ಹ್ಯಾಮ್ ರೇಡಿಯೋದಲ್ಲಿ ನನ್ನಷ್ಟು ಚಂದದ ಸ್ವರ ಕಾಸರಗೋಡಿನಿಂದ ಕಾಶ್ಮೀರದವರೆಗೆ ಬೇರೆ ಯಾರಿಗೂ ಇಲ್ಲ. ನಾನು ಮೈಕ್ ಹಿಡಿದರೆ ಕಡಲಿನ ಮೀನುಗಳೂ ಈಜುವುದನ್ನು ನಿಲ್ಲಿಸುತ್ತವೆ. ಅಂಥ ನನ್ನ ಮಾನವನ್ನು ಕುಂಬಳೆಯ ಗೆಳೆಯ ಮುರಳೀಕೃಷ್ಣ ಕಳೆದ ಭಾನುವಾರ ರೇಡಿಯೋದಲ್ಲೇ ತೆಗೆದ.

“ಎಂತ ಹರಿನಾಥ, ಬಾವಿಯೊಳಗೆ ಕೂತಿದ್ದೀಯಾ? ನಿನ್ನ ಸ್ವರ ಎರಡೆರಡು ಸಲ ಕೇಳ್ತದೆ ಮಾರಾಯ.”

ಶಿರಿಯದ ಹೊಳೆ ಬದಿಯ ಮನೆಯಲ್ಲಿ ನನ್ನ ಕೋಣೆಯದ್ದು ಬೋಳು ಗೋಡೆ, ಪ್ರತಿಧ್ವನಿ ಸಹಜ. ಮನೆಯ ಹಾಸಿಗೆಗಳನ್ನೆಲ್ಲ ಗೋಡೆಗೆ ಒರಗಿಸಿದೆ, ಫ್ಯಾನ್ ನಿಲ್ಲಿಸಿದೆ, ಮೈಕನ್ನು ಬಾಯಿಯ ಹತ್ತಿರ ತಂದೆ. ಮಧ್ಯಾಹ್ನದ ಆ ಸೆಕೆಯಲ್ಲೂ ಅದರ ಜಾಲರಿ ತುಟಿಗೆ ಐಸಿನಂತೆ ತಣ್ಣಗೆ ತಾಗಿತು. ಪರೀಕ್ಷೆಗೆಂದು ಐದರವರೆಗೆ ಎಣಿಸಿ, ಅವನ ಮಾತು ಕೇಳಲು ಮೈಕಿನ ಸ್ವಿಚ್ ಬಿಟ್ಟೆ.

“ಈಗ ಸ್ಪಷ್ಟ ಉಂಟು. ಆದರೆ ನೀನು ಮೂರು ಹೇಳುವ ಮೊದಲೇ ಹಿಂದಿನಿಂದ ನಾಲ್ಕು ಕೇಳ್ತದಲ್ಲ?”

“ನಿನ್ನ ಕಿವಿ ತೊಳೆದುಕೋ,” ಎಂದು ನಕ್ಕೆ. ಆದರೂ ಬಾಗಿಲಿಗೆ ಎರಡು ಕಂಬಳಿ ನೇತುಹಾಕಿದೆ. ಕೋಣೆಯಲ್ಲಿ ನನ್ನ ಉಸಿರೇ ನನಗೆ ಕೇಳುವಷ್ಟು ಮೌನ. ಮತ್ತೆ ಎಣಿಸಿದೆ.

ಈ ಸಲ ಮುರಳಿಯ ಸ್ವರ ನಡುಗುತ್ತಿತ್ತು. “ಎಣಿಕೆ ಚಂದ ಬಂತು. ಅದರ ಹಿಂದೆ ಅಳ್ತಾ ಅಶ್ಮಿತಾಳನ್ನು ಕರೆದದ್ದು ಎಂತಕ್ಕೆ? ನಿನ್ನ ಮಗಳು ಹೊಳೆಗೆ ಇಳಿದಳಾ?”

ಕಂಬಳಿ ಕಿತ್ತೆಸೆದು ಹೊರಗೆ ಓಡಿದೆ. ಅಶ್ಮಿತಾ ಜಗಲಿಯಲ್ಲಿ ಕುಳಿತು ಉಪ್ಪು ಹಚ್ಚಿದ ಮಾವಿನಕಾಯಿ ತಿನ್ನುತ್ತಿದ್ದಳು. ಅಂಗಳದ ಆಚೆ ಹೊಳೆ ಸುಮ್ಮನೆ ಹರಿಯುತ್ತಿತ್ತು.

ಮುರಳಿ ಆ ಕರೆಯನ್ನು ರೆಕಾರ್ಡ್ ಮಾಡಿದ್ದಾನೆ. ನಾನು ಎಷ್ಟೋ ಸಲ ಕೇಳಿದ್ದೇನೆ. ನನ್ನ ಸ್ವರ ರೇಡಿಯೋದಲ್ಲಿ ಇಷ್ಟು ಸ್ಪಷ್ಟವಾಗಿ ಎಂದೂ ಬಂದದ್ದಿಲ್ಲ. ಹಾಗೆ ಅಳುತ್ತಾ ನಾನು ಅವಳನ್ನು ಇನ್ನೂ ಕರೆದಿಲ್ಲ.