ಪರದೆಯ ಮೇಲಿನ ಎಪ್ಪತ್ತೆರಡು

ಈ ವಯಸ್ಸಿನಲ್ಲಿ ಮುದುಕನಿಗೆ ಯಾಕೆ ಬೇಕಿತ್ತು ಸತ್ಯದ ಉಸಾಬರಿ? ಮೂರು ದಿನದಿಂದ ನಂದೀಶ ತನ್ನನ್ನೇ ಇದನ್ನು ಕೇಳಿಕೊಳ್ಳುತ್ತಿದ್ದ. ಬೆಟಗೇರಿಯ ರಿಪೇರಿ ಅಂಗಡಿಯಲ್ಲಿ ಕೈಹಿಡಿದು ಕಸುಬು ಕಲಿಸಿದ ಅಂದಪ್ಪ ಕಾಕಾನೇ ಈಗ ಅವನನ್ನು ಜೈಲಿಗೆ ಕಳಿಸಲು ಹೊರಟಿದ್ದ.

ಮುಂಡರಗಿ ಕಡೆಯ ಒಂದು ಆಸ್ಪತ್ರೆಯಲ್ಲಿ ಎರಡು ದಿನದ ಕೂಸಿನ ಎದೆಬಡಿತ ನಿಂತಾಗ ಮಾನಿಟರ್ ಕೂಗಲಿಲ್ಲ, ಕೂಸು ಉಳಿಯಲಿಲ್ಲ. ಅದನ್ನು ಪರೀಕ್ಷಿಸಿದ್ದೇನೆಂದು ಸಹಿ ಹಾಕಿದವನು ನಂದೀಶ. ಪರೀಕ್ಷೆಗೆ ಬೇಕಾದದ್ದು ಸಿಗ್ನಲ್ ಜನರೇಟರ್, ಹೇಳಿದ ಆಕಾರದ ವಿದ್ಯುತ್ ಅಲೆ ಹುಟ್ಟಿಸುವ, ಊಟದ ಡಬ್ಬಿಯಷ್ಟು ದೊಡ್ಡ ಯಂತ್ರ. ಸಹಿ ಬಿದ್ದ ದಿನ ಅದು ಕೆಟ್ಟು ಅಂದಪ್ಪನ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಪರೀಕ್ಷೆ ನಡೆದೇ ಇರಲಿಲ್ಲ. ಇದು ಗೊತ್ತಿದ್ದವರು ಅವರಿಬ್ಬರೇ.

“ನಾಳಿ ವಿಚಾರಣಿ ಸಾಹೇಬ್ರು ಇಲ್ಲಿಗೇ ಬರ್ತಾರಂತ. ಇದ್ದದ್ದು ಇದ್ದಂಗ ಹೇಳ್ತೇನಪಾ,” ಎಂದಿದ್ದ ಅಂದಪ್ಪ ಅವತ್ತು ಬೆಳಿಗ್ಗೆ, ಗದಗಿನ ನರ್ಸಿಂಗ್ ಹೋಮಿನ ಮಂಚದ ಮೇಲಿಂದ. “ನಿನ್ನ ಮ್ಯಾಲೆ ಸಿಟ್ಟಿಲ್ಲ. ಆ ಕೂಸಿನ ಅವ್ವನ ಮಾರಿ ಕಣ್ಣಾಗಿಂದ ಹೋಗವಲ್ದು.”

ಆ ನರ್ಸಿಂಗ್ ಹೋಮಿನ ಯಂತ್ರಗಳ ದೇಖರೇಖೆಯೂ ನಂದೀಶನದೇ. ಅವನ ಚೀಲವನ್ನು ಯಾರೂ ತಡೆಯುವುದಿಲ್ಲ. ಹೃದಯ ಸೋತ ಅಂದಪ್ಪನ ಎದೆಗೆ ಅಂಟಿಸಿದ ವೈರುಗಳು ಅವನ ಬಡಿತವನ್ನು ಹೊರಗಿನ ಕೌಂಟರಿನ ಪರದೆಗೆ ಒಯ್ಯುತ್ತಿದ್ದವು. ನರ್ಸು ರಮಜಾನಬಿ ನೋಡುವುದು ಆ ಪರದೆಯನ್ನು. ಹಾಗಾದರೆ ಆ ಪರದೆಗೆ ಕಾಕಾನ ಎದೆಯೇ ಯಾಕೆ ಬೇಕು?

ಮಾನಿಟರಿನಲ್ಲಿ ದಾಖಲಾಗಿದ್ದ ಕಾಕಾನ ಬಡಿತವನ್ನೇ ಅವನು ಈಗ ರಿಪೇರಿಯಾಗಿದ್ದ ಜನರೇಟರಿಗೆ ತುಂಬಿದ. ನಿಮಿಷಕ್ಕೆ ಎಪ್ಪತ್ತೆರಡು. ನಡುನಡುವೆ ಒಂದು ತಪ್ಪುವುದೂ ಸೇರಿಸಿ ಥೇಟು ಅವನದೇ. ಕೆಲಸ ಮುಗಿಸಿ ಕೌಂಟರಿಗೆ ಹೋಗಿ ನರ್ಸಿನ ಎದುರಿಗೇ ಚಹಾ ಕುಡಿಯುತ್ತ ಕೂರುವುದು. ಆರೂಕಾಲಿಗೆ ಜನರೇಟರಿನ ಅಲೆ ತಾನೇ ತಡವರಿಸಿ ನಿಲ್ಲುತ್ತದೆ. ಆಕೆಯ ಜೊತೆ ತಾನೂ ಓಡುವುದು, ಗಡಿಬಿಡಿಯಲ್ಲಿ ವೈರನ್ನು ಮತ್ತೆ ಕಾಕಾನ ಎದೆಗೆ ಸಿಕ್ಕಿಸಿ ಜನರೇಟರನ್ನು ಚೀಲಕ್ಕೆ ಹಾಕುವುದು. ಸೋತ ಹೃದಯ ನಿಂತಿತೆಂದರೆ ಯಾರು ಪ್ರಶ್ನೆ ಕೇಳುತ್ತಾರೆ? ತನ್ನ ಜಾಣತನಕ್ಕೆ ಅವನಿಗೇ ಸಣ್ಣಗೆ ನಗು ಬಂತು.

ಸಂಜೆ ಐದು ಮುಕ್ಕಾಲಿಗೆ ಅವನು ಕೋಣೆಯ ಬಾಗಿಲು ಮುಂದೆ ಮಾಡಿ ಕೂತ. ಕಾಕಾನ ಎದೆಯಿಂದ ಒಂದೊಂದೇ ಕ್ಲಿಪ್ಪು ತೆಗೆದು ಜನರೇಟರಿಗೆ ಸಿಕ್ಕಿಸಿದ. ಅಂದಪ್ಪ ಕಣ್ಣು ತೆರೆದ.

“ಇದು ನಮ್ಮ ಜನರೇಟರ್ ಅಲ್ಲೇನೋ?”

“ಹೌದು ಕಾಕಾ. ಇವತ್ತ ಖರೇನ ಟೆಸ್ಟ್ ಮಾಡಾಕತ್ತೇನಿ.”

ಮುದುಕನ ಮುಖದಲ್ಲಿ ಸಮಾಧಾನ ಕಂಡಿತು. ನಂದೀಶನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಅವನು ದಿಂಬು ಎತ್ತಿಕೊಂಡ.

ಕೌಂಟರಿನಲ್ಲಿ ರಮಜಾನಬಿ ಚಹಾ ಕೊಟ್ಟಳು. ಪರದೆಯಲ್ಲಿ ಹಸಿರು ಗೆರೆ ಎಪ್ಪತ್ತೆರಡರಂತೆ ಕುಣಿಯುತ್ತಿತ್ತು. ಲಕ್ಷ್ಮೇಶ್ವರದ ತನ್ನ ತವರಿನ ಸುದ್ದಿ ಹೇಳುತ್ತಿದ್ದ ಆಕೆ ಗಡಿಯಾರ ನೋಡಿದಳು. ಆರು ದಾಟಿ ಐದು ನಿಮಿಷ. ಪರದೆ ನೋಡಿದಳು, ಮತ್ತೆ ಗಡಿಯಾರ.

“ಕಾಕಾರು ಪೂಜಿಗೆ ಕುಂತಿಲ್ಲೇನ್ರಿ ಇವತ್ತು?” ಎನ್ನುತ್ತ ಎದ್ದಳು. “ಮಲಗ್ಯಾರ, ಬಿಡ್ರಿ,” ಎಂದ ನಂದೀಶ. “ಇಲ್ರಿ. ದಿನಾ ಆರಕ್ಕ ಲಿಂಗಪೂಜಿಗೆ ಕುಂಡ್ರೂ ಮುಂದ, ಎದಿಗೆ ವಿಭೂತಿ ಹಚ್ಚಾಕ ವೈರೆಲ್ಲಾ ತಾವ ಬಿಚ್ಚಿಡ್ತಾರ. ನಾ ಬ್ಯಾಡಂದ್ರೂ ಕೇಳಂಗಿಲ್ಲ. ಹದಿನೈದು ಮಿನಿಟ್ ಈ ಗೆರಿ ಸಪಾಟ ಇರ್ತೈತ್ರಿ.” ಇಪ್ಪತ್ತು ವರ್ಷ ಆ ಪೂಜೆ ಮುಗಿಯುವವರೆಗೆ ಅಂಗಡಿಯ ಹೊರಗೆ ಕಾದು ನಿಂತವನು ನಂದೀಶನೇ; ಎದೆಯ ಮೇಲೆ ವೈರಿದ್ದರೆ ಕಾಕಾ ಏನು ಮಾಡುತ್ತಾನೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅವನು ಏಳುವಷ್ಟರಲ್ಲಿ ಆಕೆ ಕೋಣೆಯೊಳಗಿದ್ದಳು. “ಡಾಕ್ಟರನ್ನ ಕರೀರಿ ಜಲ್ದಿ, ಕಾಕಾರಿಗೆ ಉಸಿರಿಲ್ಲ,” ಎಂಬ ಆಕೆಯ ದನಿ ಕೇಳಿ ಡಾಕ್ಟರು ಕೌಂಟರಿಗೆ ಓಡಿ ಬಂದರು, ಪರದೆಯ ಮುಂದೆ ನಿಂತರು, ನಿಧಾನವಾಗಿ ನಂದೀಶನ ಕಡೆ ತಿರುಗಿದರು. ಪರದೆಯ ಮೇಲೆ ಅಂದಪ್ಪನ ಎದೆ ಇನ್ನೂ ಬಡಿದುಕೊಳ್ಳುತ್ತಿತ್ತು, ನಿಮಿಷಕ್ಕೆ ಎಪ್ಪತ್ತೆರಡು.